ತಪ್ಪು ನನ್ನದೇ ಆಗಿದ್ದರೂ ಕೆಲಸದಲ್ಲಾದ ಗಾಯಕ್ಕೆ ಪರಿಹಾರ ಕೇಳಬಹುದೇ?

ಮೆಷಿನ್ ಹತ್ತಿರ ಅರೆಕ್ಷಣ ಗಮನ ತಪ್ಪಿತು, ಎರಡು ಬೆರಳಿಗೆ ಪೆಟ್ಟಾಯಿತು, ತಪ್ಪು ನನ್ನದೇ, ಹಾಗಾಗಿ ಪರಿಹಾರ ಕೇಳೋ ಹಾಗಿಲ್ಲ ಅಲ್ವಾ ಎಂದು ಕೇಳಿದ್ದೀರಿ. ಖಂಡಿತ ಕೇಳಬಹುದು. ಅದೊಂದೇ ಕಾರಣಕ್ಕೆ ದಯವಿಟ್ಟು ಸುಮ್ನೆ ಕೂರಬೇಡಿ.

'ತಪ್ಪು ಯಾರದು' ಎಂಬ ಜಗಳವನ್ನು ತಪ್ಪಿಸಲಿಕ್ಕೇ ಕೆಲಸದ ಗಾಯಕ್ಕೆ ಪರಿಹಾರ ಕೊಡಿಸುವ ಕಾನೂನು ಹುಟ್ಟಿದ್ದು. ಹಿಂದೆ ಬ್ರಿಟನ್ನಿನಲ್ಲಿ ಗಾಯಗೊಂಡವರೇ ಮಾಲೀಕನ ತಪ್ಪನ್ನು ಕೋರ್ಟಿನಲ್ಲಿ ಸಾಬೀತು ಮಾಡಬೇಕಿತ್ತು. ನೀನೇ ಎಚ್ಚರ ತಪ್ಪಿದೆ, ಇಲ್ಲವೇ ಅದು ಜೊತೆಯವನ ತಪ್ಪು, ಇಲ್ಲವೇ ಅಪಾಯ ಗೊತ್ತಿದ್ದೇ ಕೆಲಸಕ್ಕೆ ಸೇರಿದೆ. ಮಾಲೀಕ ಇವುಗಳಲ್ಲಿ ಒಂದನ್ನು ತೋರಿಸಿಕೊಟ್ಟರೆ ಸಾಕು, ಕೆಲಸಗಾರ ಬರಿಗೈಯಲ್ಲಿ ಮನೆಗೆ. 1884ರಲ್ಲಿ ಜರ್ಮನಿ, 1897ರಲ್ಲಿ ಬ್ರಿಟನ್ ಹೊಸ ಕಾನೂನು ತಂದವು. ಕೆಲಸದಿಂದಾಗಿ, ಕೆಲಸದ ಹೊತ್ತಿನಲ್ಲಿ ಪೆಟ್ಟಾಯಿತೇ ಅನ್ನುವುದೇ ಮುಖ್ಯ ಪ್ರಶ್ನೆಯಾಯಿತು. ಕುಡಿದು ಕೆಲಸ ಮಾಡಿದರೆ, ಬೇಕಂತಲೇ ಗಾಯ ಮಾಡಿಕೊಂಡರೆ ಬಹಳ ಕಡೆ ಪರಿಹಾರ ಸಿಗುವುದಿಲ್ಲ. ಗಮನ ತಪ್ಪುವುದು ಬೇರೆ, ಇದು ಬೇರೆ.

ನಾನು ತಪ್ಪು ಮಾಡಿದ್ದು ಇನ್ನೊಂದು ಕಡೆ, ಗಾಯವಾದದ್ದನ್ನು ಸರಿಯಾಗಿ ಬರೆಸದೆ. ಡ್ರಮ್ ಹೊತ್ತು ಮೆಟ್ಟಿಲು ಇಳಿಯುವಾಗ ಜಾರಿ ಮೊಣಕಾಲು ಕೆಟ್ಟಿತು. ಆಸ್ಪತ್ರೆಯಲ್ಲಿ ಡಾಕ್ಟರು "ಹೇಗಾಯಿತು?" ಎಂದರು. "ಜಾರಿ ಬಿದ್ದೆ" ಎಂದೆ, ಅಷ್ಟೇ. ಅವರೂ ಅದನ್ನೇ ಬರೆದುಕೊಂಡರು. ಸಣ್ಣ ನೋವು, ಇಳಿಯುತ್ತದೆ ಎಂದು ಸೂಪರ್‌ವೈಸರಿಗೂ ಬರೆದು ಕೊಡಲಿಲ್ಲ. ಮೂರು ತಿಂಗಳಾದರೂ ಕಾಲು ಮಡಚಲಾಗದೆ ಅರ್ಜಿ ಹಾಕಿದಾಗ, ಅಧಿಕಾರಿ ಆ ಸಾಲಿನ ಮೇಲೆ ಬೆರಳಿಟ್ಟು ಕೇಳಿದರು: "ಇದು ಕೆಲಸದಲ್ಲೇ ಆಯಿತು ಅಂತ ಎಲ್ಲಿದೆ?" ಎಲ್ಲೂ ಇರಲಿಲ್ಲ. ನನ್ನ ಜೊತೆ ಡ್ರಮ್ ಹಿಡಿದಿದ್ದವನು ಬಂದು ಸಾಕ್ಷಿ ಹೇಳಿದ್ದಕ್ಕೆ ಅರ್ಜಿ ಉಳಿಯಿತು. ಅಲ್ಲಿವರೆಗೆ ಪಟ್ಟ ಪಾಡು ನನಗೇ ಗೊತ್ತು.

ಪರಿಹಾರ ಕೇಳುವುದೆಂದರೆ ಮಾಲೀಕರ ಮೇಲೆ ಕೇಸು ಹಾಕಿದಂತೆ ಎಂದೂ ಅನೇಕರು ಹೆದರುತ್ತಾರೆ. ಎಷ್ಟೋ ದೇಶಗಳಲ್ಲಿ ದುಡ್ಡು ಬರುವುದು ವಿಮೆಯಿಂದ. ಮಾಲೀಕರು ಅದಕ್ಕೆಂದೇ ಕಂತು ಕಟ್ಟಿರುತ್ತಾರೆ.

ಹಾಗೆಯೇ, ಒಮ್ಮೆಲೇ ಆದ ಅಪಘಾತಕ್ಕೆ ಮಾತ್ರ ಪರಿಹಾರ ಅನ್ನುವುದೂ ಸರಿಯಲ್ಲ. ವರ್ಷಗಟ್ಟಲೆ ಕಲ್ಲಿನ ಧೂಳು ಕುಡಿದು ಬರುವ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ, ಸದ್ದಿನಿಂದ ಮಂದವಾಗುವ ಕಿವಿ, ಇವನ್ನೂ ಬಹಳಷ್ಟು ಕಾನೂನುಗಳು ಉದ್ಯೋಗದ ಕಾಯಿಲೆ ಎಂದೇ ಲೆಕ್ಕ ಹಿಡಿಯುತ್ತವೆ.

ಆದರೆ ಜಾಸ್ತಿ ದುಡ್ಡಿನ ಆಸೆಯೂ ಬೇಡ. ಸಾಮಾನ್ಯವಾಗಿ ಪೂರ್ತಿ ಸಂಬಳ ಸಿಗುವುದಿಲ್ಲ. ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಸಂಬಳದ ಶೇ. 60ರಷ್ಟಾದರೂ ಇರಲಿ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1964ರ ಒಪ್ಪಂದ ಹೇಳುತ್ತದೆ. ಮನಸ್ಸಿಗಾದ ನೋವಿಗೆಂದು ಬೇರೆ ಮೊತ್ತ ಸಿಗುವುದು ಅಪರೂಪ.

ನೀವು ಇವತ್ತೇ ಮಾಡಬೇಕಾದ್ದು ಇಷ್ಟು. ದಿನ, ಹೊತ್ತು, ಜಾಗ, ಯಾವ ಮೆಷಿನ್, ಪಕ್ಕದಲ್ಲಿ ಯಾರಿದ್ದರು ಎಲ್ಲವನ್ನೂ ಬರೆದು ಆಫೀಸಿಗೆ ಕೊಡಿ. ನಕಲಿನ ಮೇಲೆ ಸಹಿ ಹಾಕಿಸಿಕೊಳ್ಳಿ. ಡಾಕ್ಟರ ಚೀಟಿ ತೆಗೆದು ಓದಿ. 'ಕೆಲಸ ಮಾಡುವಾಗ' ಎಂದು ಅದರಲ್ಲಿ ಇಲ್ಲದಿದ್ದರೆ ಮುಂದಿನ ಸಲ ಕಟ್ಟು ಬದಲಿಸಲು ಹೋದಾಗ ಕೇಳಿ ಬರೆಸಿಕೊಳ್ಳಿ.