ಎಲ್ಲ ಬಗೆಯವರೂ ಇದ್ದಾರೆ, ಆದರೂ ಹೊಸದು ಹುಟ್ಟುತ್ತಿಲ್ಲ!

ಪ್ರಶ್ನೆ: ನಮ್ಮ ತಂಡದಲ್ಲಿ ಎಂಜಿನಿಯರ್, ಲೆಕ್ಕ ನೋಡುವವರು, ಡಿಸೈನರ್, ಗ್ರಾಹಕರ ದೂರು ಕೇಳುವವರು ಎಲ್ಲರೂ ಇದ್ದಾರೆ. ಸಭೆಯಲ್ಲಿ ಮಾತ್ರ ಇಬ್ಬರದೇ ಮಾತು. ಏನು ಮಾಡಬೇಕು?

ಉತ್ತರ: ಮೊದಲು ಮಾತು ನಿಲ್ಲಿಸಿ, ಬರೆಸಿ. ಒಬ್ಬರು ಮಾತಾಡುವಾಗ ಉಳಿದವರು ತಮ್ಮ ಸರದಿಗೆ ಕಾಯುತ್ತಾರೆ. ಅಷ್ಟರಲ್ಲಿ ಹೊಳೆದದ್ದು ಮರೆತಿರುತ್ತದೆ. ಒಂಟಿಯಾಗಿ ಯೋಚಿಸಿದವರ ಸಲಹೆಗಳನ್ನು ಒಟ್ಟುಗೂಡಿಸಿದರೆ ಕೂಡಿ ಚರ್ಚಿಸಿದವರದ್ದಕ್ಕಿಂತ ಹೆಚ್ಚಾಗುತ್ತವೆ ಎಂದು 1958ರಲ್ಲೇ ಯೇಲ್ ವಿಶ್ವವಿದ್ಯಾಲಯದ ಪ್ರಯೋಗ ತೋರಿಸಿತ್ತು. ಇನ್ನೊಂದು ತೊಡಕು ದೊಡ್ಡದು: ಎಲ್ಲರಿಗೂ ಗೊತ್ತಿರುವುದೇ ಚರ್ಚೆಗೆ ಬರುತ್ತದೆ, ಒಬ್ಬರಿಗಷ್ಟೇ ಗೊತ್ತಿರುವುದು ಒಳಗೇ ಉಳಿಯುತ್ತದೆ. ಬೇರೆಬೇರೆ ಕಸುಬಿನವರನ್ನು ಕೂರಿಸಿದ ಲಾಭವೇ ಅಲ್ಲಿ ಸೋರಿಹೋಗುತ್ತದೆ.

6-3-5 ವಿಧಾನ ಹಿಡಿಯಿರಿ. ಆರು ಜನ, ತಲಾ ಒಂದು ಹಾಳೆ. ಮೇಲೆ ಸಮಸ್ಯೆ ಒಂದೇ ವಾಕ್ಯದಲ್ಲಿ. ಕೆಳಗೆ 3 ಕಂಬಸಾಲು, 6 ಅಡ್ಡಸಾಲು. 5 ನಿಮಿಷದಲ್ಲಿ ಮೂರು ಸಲಹೆ ಬರೆದು ಹಾಳೆಯನ್ನು ಪಕ್ಕದವರಿಗೆ ದಾಟಿಸಬೇಕು. ಅವರು ಓದಿ, ಅದನ್ನೇ ಬೆಳೆಸಬಹುದು ಅಥವಾ ಬೇರೆ ದಿಕ್ಕಿಗೆ ತಿರುಗಿಸಬಹುದು. ಆರು ಸುತ್ತಿಗೆ 30 ನಿಮಿಷ, 108 ಸಲಹೆ. ಪುನರಾವರ್ತನೆ ಬೇಕಾದಷ್ಟಿರುತ್ತದೆ, ಬಿಡಿ.

ಕೈಕೊಡುವುದು ಎಲ್ಲಿ? ಕಸುಬಿನ ಪರಿಭಾಷೆಯಲ್ಲಿ. ‘ಟಾಲರೆನ್ಸ್ ಹೆಚ್ಚಿಸಿ’ ಎಂದಷ್ಟೇ ಬರೆದರೆ ಲೆಕ್ಕದವರು ಅರ್ಥವಾದಂತೆ ತಲೆಯಾಡಿಸಿ ಮುಂದೆ ದಾಟಿಸುತ್ತಾರೆ. ‘ಅಳತೆಯಲ್ಲಿ ಅರ್ಧ ಮಿಲಿಮೀಟರ್ ವ್ಯತ್ಯಾಸ ಒಪ್ಪಿಕೊಳ್ಳೋಣ’ ಎಂದರೆ ಉಳಿತಾಯ ಎಷ್ಟೆಂದು ಅವರೇ ಪಕ್ಕದಲ್ಲಿ ಬರೆದಾರು. ಕೊನೆಯ ಸುತ್ತುಗಳಲ್ಲಿ ಓದುವುದೇ ಹೆಚ್ಚು, 7–8 ನಿಮಿಷ ಕೊಡಿ. ಆಯ್ಕೆಯ ವೇಳೆ ಮೇಲಧಿಕಾರಿ ಕೊನೆಗೆ ಬಾಯಿಬಿಡಲಿ.

ಅಂದಹಾಗೆ, ಸರಿಯುತ್ತರ ಆಗಲೇ ಗೊತ್ತಿರುವ ಸಮಸ್ಯೆಗೆ ಇಷ್ಟೆಲ್ಲ ಬೇಡ. ಬಲ್ಲ ಒಬ್ಬರನ್ನು ಕೇಳಿದರಾಯಿತು.