ಮಗಳಿಗೆ ನಾಟಕದ ಹುಚ್ಚು, ಮುಂದೇನು ಮಾಡಲಿ?

ಪ್ರಶ್ನೆ: ನಾವು ದಾವಣಗೆರೆಯ ನಿಟ್ಟುವಳ್ಳಿಯವರು. ಯಜಮಾನರದು ಸಣ್ಣ ಕಿರಾಣಿ ಅಂಗಡಿ. ಮಗಳಿಗೆ 11 ವರ್ಷ, ಆರನೇ ಕ್ಲಾಸು. ಶಾಲೆಯ ವಾರ್ಷಿಕೋತ್ಸವದಲ್ಲಿ ಒನಕೆ ಓಬವ್ವನ ಪಾತ್ರ ಮಾಡಿದ ಮೇಲೆ ಮನೆಯಲ್ಲಿ ದಿನವೂ ನಾಟಕವೇ. ಅಜ್ಜಿ ಹೇಗೆ ಎಲೆ ಅಡಿಕೆ ಹಾಕಿಕೊಳ್ತಾರೆ, ಹಾಲಿನವನು ಚಿಲ್ಲರೆ ಇಲ್ಲ ಅಂತ ಹೇಗೆ ತಲೆ ಕೆರೆದುಕೊಳ್ತಾನೆ, ಎಲ್ಲ ಮಾಡಿ ತೋರಿಸುತ್ತಾಳೆ. ಹೋದ ತಿಂಗಳು ಒಬ್ಬರು ಆಡಿಷನ್ ಮಾಡಿ, 'ಸೀರಿಯಲ್‌ಗೆ ಆಯ್ಕೆಯಾಗಿದ್ದಾಳೆ, ಫೋಟೊ ಆಲ್ಬಮ್‌ಗೆ 25,000 ರೂಪಾಯಿ ಕಟ್ಟಿ' ಎಂದಿದ್ದಾರೆ. ಅತ್ತೆಗೆ ಇದು ಒಂಚೂರೂ ಇಷ್ಟವಿಲ್ಲ. ಯಜಮಾನರು ಏನೂ ಹೇಳುವುದಿಲ್ಲ. ನನಗೆ ದಾರಿ ತೋಚುತ್ತಿಲ್ಲ.
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಮೊದಲು, ಆ ದುಡ್ಡು ಕಟ್ಟಬೇಡಿ. ಪಾತ್ರ ಮಾಡುವವರಿಗೆ ದುಡ್ಡು ಕೊಡುವುದು ಪದ್ಧತಿ, ಅವರಿಂದ ಕೇಳುವುದಲ್ಲ. ನಿಜವಾಗಿ ಮಗು ಬೇಕಾದವರಿಗೆ ನಿಮ್ಮ ಮೊಬೈಲ್‌ನಲ್ಲಿ ತೆಗೆದ ಎರಡು ಫೋಟೊ, ಒಂದು ನಿಮಿಷದ ವಿಡಿಯೊ ಸಾಕು.

ಮುಂದೆ ಎಂದಾದರೂ ನಿಜವಾದ ಅವಕಾಶ ಬಂದರೆ ಒಂದು ವಿಷಯ ಗೊತ್ತಿರಲಿ. ಸಿನಿಮಾ, ಸೀರಿಯಲ್‌ನಲ್ಲಿ ಮಕ್ಕಳನ್ನು ದುಡಿಸುವುದಕ್ಕೆ ಕೇಂದ್ರ ಸರ್ಕಾರದ 2017ರ ನಿಯಮಗಳಿವೆ. ದಿನಕ್ಕೆ 5 ಗಂಟೆ ಮೀರುವಂತಿಲ್ಲ. ಬಿಡುವು ಕೊಡದೆ 3 ಗಂಟೆಗಿಂತ ಜಾಸ್ತಿ ಕೆಲಸ ಮಾಡಿಸುವಂತಿಲ್ಲ. ಒಂದೇ ಸಮನೆ 27 ದಿನ ದಾಟುವಂತಿಲ್ಲ. ಶೂಟಿಂಗ್ ನಡೆಯುವ ಜಿಲ್ಲೆಯ ಜಿಲ್ಲಾ ಮ್ಯಾಜಿಸ್ಟ್ರೇಟರ, ಅಂದರೆ ಜಿಲ್ಲಾಧಿಕಾರಿಯ ಅನುಮತಿ ಬೇಕು. ಮಗುವಿನ ಸಂಪಾದನೆಯಲ್ಲಿ ಕನಿಷ್ಠ 20 ಪರ್ಸೆಂಟ್ ಅದರ ಹೆಸರಿನಲ್ಲೇ ಬ್ಯಾಂಕಿನಲ್ಲಿ ಠೇವಣಿ ಇಡಬೇಕು. ನಿಮ್ಮಿಂದ ದುಡ್ಡು ಕೇಳಿದವರನ್ನು ಈ ಅನುಮತಿಯ ಬಗ್ಗೆ ಒಂದು ಮಾತು ಕೇಳಿ ನೋಡಿ. ಅವರು ಎಂಥವರು ಅಂತ ಅಲ್ಲೇ ಗೊತ್ತಾಗುತ್ತದೆ.

ಈಗ ಮಗಳ ವಿಷಯಕ್ಕೆ ಬರ್ತೀನಿ. ನಿಮ್ಮ ಪತ್ರದಲ್ಲಿ ಓಬವ್ವನ ಸಾಲಿಗಿಂತ ಹಾಲಿನವನ ಸಾಲನ್ನು ನಾನು ಎರಡು ಸಲ ಓದಿದೆ. ಓಬವ್ವನ ಮಾತನ್ನು ಮೇಷ್ಟ್ರು ಬರೆದುಕೊಟ್ಟಿರುತ್ತಾರೆ, ಒನಕೆ ಎತ್ತುವುದನ್ನೂ ಅವರೇ ಹೇಳಿಕೊಟ್ಟಿರುತ್ತಾರೆ. ಹಾಲಿನವನು ತಲೆ ಕೆರೆದುಕೊಳ್ಳುವುದನ್ನು ಮಾತ್ರ ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ. ಅವಳೇ ನೋಡಿದ್ದು, ಅವಳೇ ಹಿಡಿದದ್ದು. ಈ ಕಣ್ಣು ಇರುವ ಮಗುವಿಗೆ ಈಗ ಬೇಕಾಗಿರುವುದು ಕ್ಯಾಮೆರಾ ಅಲ್ಲ. ಜೊತೆಗೆ ಆಡುವ ಮಕ್ಕಳು ಬೇಕು, ನೋಡುವುದಕ್ಕೆ ಒಳ್ಳೆಯ ನಾಟಕಗಳು ಬೇಕು.

ಇದನ್ನು ನಾನು ಕಲಿತದ್ದು ಸತ್ತು ಮಲಗಿ. ಚನ್ನಗಿರಿ ಕಡೆಯ ಹಳ್ಳಿ ನಮ್ಮದು. ನನಗೆ ಹತ್ತು ವರ್ಷ ಇದ್ದಾಗ ಊರ ಜಾತ್ರೆಗೆ ಹರಿಶ್ಚಂದ್ರನ ನಾಟಕ ಆಡಿಸಿದರು. ಲೋಹಿತಾಶ್ವನ ಪಾತ್ರಕ್ಕೆ ಗೊತ್ತಾಗಿದ್ದ ಹುಡುಗನಿಗೆ ಜ್ವರ ಬಂತು, ನನ್ನನ್ನು ನಿಲ್ಲಿಸಿದರು. ಇದ್ದ ಮಾತು ನಾಲ್ಕೋ ಐದೋ. ಆಮೇಲೆ ಹಾವು ಕಚ್ಚುತ್ತದೆ, ಮಲಗುವುದು. ಹಾರ್ಮೋನಿಯಂ ನುಡಿಸಿ ನಾಟಕ ಕಲಿಸುತ್ತಿದ್ದ ಪೇಟಿ ಮಾಸ್ತರು ಹೇಳಿದ್ದು ಒಂದೇ: 'ಹೊಟ್ಟೆ ಅಲ್ಲಾಡಬಾರದು. ಸುಮ್ನೆ ಮಲಗಬೇಡ, ನಿನ್ನ ತಾಯಿ ಚಂದ್ರಮತಿ ಅಳೋದನ್ನ ಕೇಳಿಸ್ಕೋ.' ಚಂದ್ರಮತಿಯಾಗಿ ಹೊರಗಿನಿಂದ ಬಂದ ಕಲಾವಿದೆ ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹಾಡಿ ಅತ್ತರು. ಅವರ ಕಣ್ಣೀರು ನನ್ನ ಕೆನ್ನೆಗೆ ಬಿತ್ತು. ಬಿಸಿಯಾಗಿತ್ತು. ಎದುರಿಗೆ ಕೂತಿದ್ದ ನಮ್ಮವ್ವನೂ ಅಳುತ್ತಿದ್ದಳಂತೆ. ಒಂದು ಮಾತೂ ಆಡದೆ ನಾನು ಆ ದೃಶ್ಯದೊಳಗೆ ಇದ್ದೆ. ಆಮೇಲೆ ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ನಾಟಕ ಕಲಿಸಿದೆ. ಮೊದಲ ದಿನ ಮಾತು ಕೊಡುತ್ತಿರಲಿಲ್ಲ. ಇನ್ನೊಬ್ಬರು ಮಾತಾಡುವಾಗ ಕೇಳಿಸಿಕೊಂಡು ನಿಲ್ಲುವುದನ್ನೇ ಕಲಿಸುತ್ತಿದ್ದೆ.

ಆದ್ದರಿಂದ ಮುಂದಿನ ಸಲ ಶಾಲೆಯಲ್ಲಿ ನಾಟಕ ಇದ್ದಾಗ, ಸಣ್ಣ ಪಾತ್ರ ಸಿಕ್ಕರೂ ಬೇಡ ಅನ್ನಬೇಡಿ. ಹಿಂದಿನ ಸಾಲಿನ ಸೈನಿಕನಾಗಿಯೂ ರಿಹರ್ಸಲ್‌ಗೆ ಖುಷಿಯಿಂದ ಓಡುತ್ತಾಳಾ, ಬೇರೆಯವರ ಮಾತೂ ಬಾಯಿಪಾಠ ಆಗಿದೆಯಾ ನೋಡಿ. ಹಾಗಿದ್ದರೆ ಇದು ಚಪ್ಪಾಳೆಯ ಆಸೆ ಮಾತ್ರ ಅಲ್ಲ, ನಾಟಕದ್ದೇ ಆಸೆ. ಪ್ರತಿಭಾ ಕಾರಂಜಿಯಲ್ಲಿ ಕಥೆ ಹೇಳುವುದಕ್ಕೆ, ಅಭಿನಯ ಗೀತೆಗೆ ಹೆಸರು ಕೊಡಿ. ಬಹುಮಾನ ಬರದಿದ್ದರೂ ಗುರುತಿಲ್ಲದ ಜನರ ಮುಂದೆ ನಿಲ್ಲುವ ಅಭ್ಯಾಸ ಆಗುತ್ತದೆ. ಹೈಸ್ಕೂಲಿಗೆ ಬಂದಾಗ ವಿಜ್ಞಾನ ನಾಟಕ ಸ್ಪರ್ಧೆಯೂ ಇರುತ್ತದೆ.

ನಾಟಕ ತೋರಿಸುವ ವಿಷಯದಲ್ಲಿ ನಮ್ಮ ಕಡೆಯವರು ಪುಣ್ಯವಂತರು. ಪಕ್ಕದ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನಲ್ಲಿ ಸಾಣೇಹಳ್ಳಿ ಇದೆ. ಪಂಡಿತಾರಾಧ್ಯ ಶ್ರೀಗಳು ಅಲ್ಲಿ 'ಶಿವಸಂಚಾರ' ಅನ್ನುವ ತಿರುಗಾಟದ ತಂಡ ಕಟ್ಟಿದ್ದಾರೆ. ಆ ತಂಡ ನಾಟಕಗಳನ್ನು ಹೊತ್ತುಕೊಂಡು ಊರೂರು ಸುತ್ತುತ್ತದೆ. ನವೆಂಬರ್ ಮೊದಲ ವಾರದ ಸುಮಾರಿಗೆ ಅಲ್ಲೇ ನಾಟಕೋತ್ಸವ. ಒಂದು ಸಂಜೆಗಾದರೂ ಮಗಳನ್ನು ಕರೆದುಕೊಂಡು ಹೋಗಿ. ಸ್ವೆಟರ್ ಮರೆಯಬೇಡಿ, ಬಯಲು ರಂಗಮಂದಿರ, ರಾತ್ರಿ ಚಳಿ ಜಾಸ್ತಿ. ಬರುವಾಗ ಬಸ್ಸಿನಲ್ಲಿ 'ಹೇಗಿತ್ತು' ಅಂತ ಕೇಳಬೇಡಿ, 'ಚೆನ್ನಾಗಿತ್ತು' ಅಂದು ಮುಗಿಸಿಬಿಡುತ್ತಾಳೆ. 'ನಿನಗೆ ಯಾರ ನಡಿಗೆ ನೆನಪಿದೆ' ಅಂತ ಕೇಳಿ. ಊರು ಬರುವವರೆಗೂ ಮಾತಾಡುತ್ತಾಳೆ.

ಬೇಸಿಗೆ ರಜೆಗೆ ಮೈಸೂರಿನ ರಂಗಾಯಣ ನಾಟಕ ಸಂಸ್ಥೆ ಚಿನ್ನರ ಮೇಳ ಅನ್ನುವ ಮಕ್ಕಳ ಶಿಬಿರ ನಡೆಸುತ್ತದೆ. ಅಲ್ಲಿ ನೆಂಟರಿದ್ದರೆ ಯೋಚನೆ ಮಾಡಿ. ಇಲ್ಲದಿದ್ದರೆ ದಾವಣಗೆರೆಯಲ್ಲೇ ಏಪ್ರಿಲ್‌ನಲ್ಲಿ ಬೇಸಿಗೆ ಶಿಬಿರಗಳಿರುತ್ತವೆ. ಸೇರಿಸುವ ಮುಂಚೆ ಒಂದು ದಿನ ಹೋಗಿ ಬಾಗಿಲ ಹತ್ತಿರ ನಿಂತು ನೋಡಿ. ಮಕ್ಕಳು ಆಡಿಕೊಂಡು ಕಲಿಯುತ್ತಿದ್ದರೆ ಸೇರಿಸಿ. ಮೇಷ್ಟ್ರು ಹೇಳಿದ ಧಾಟಿಯನ್ನೇ ಎಲ್ಲರೂ ಗಿಳಿಯಂತೆ ಒಪ್ಪಿಸುತ್ತಿದ್ದರೆ ಬೇಡ. ಕೇಂದ್ರ ಸರ್ಕಾರದ ಸಿಸಿಆರ್‌ಟಿ (ಸೆಂಟರ್ ಫಾರ್ ಕಲ್ಚರಲ್ ರಿಸೋರ್ಸಸ್ ಅಂಡ್ ಟ್ರೇನಿಂಗ್) ಸಂಸ್ಥೆ 10ರಿಂದ 14 ವರ್ಷದ ಮಕ್ಕಳಿಗೆ ಸಂಗೀತ, ನೃತ್ಯ, ನಾಟಕದಂಥ ಕಲೆ ಕಲಿಯಲು ವಿದ್ಯಾರ್ಥಿವೇತನ ಕೊಡುತ್ತದೆ. ಗುರುವೊಬ್ಬರ ಹತ್ತಿರ ಕಲಿಯಲು ಶುರು ಮಾಡಿದ ಮೇಲೆ ಅದಕ್ಕೆ ಅರ್ಜಿ ಹಾಕಬಹುದು.

ಹೆಗ್ಗೋಡಿನಲ್ಲಿ ನಾಟಕ ಕಲಿಸುವ ನೀನಾಸಂ, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ, ಇವೆಲ್ಲ ದೊಡ್ಡವಳಾದ ಮೇಲಿನ ಮಾತು. ದೆಹಲಿಯ ಮೂರು ವರ್ಷದ ಕೋರ್ಸಿಗೆ ಡಿಗ್ರಿ ಆಗಿರಬೇಕು. ಹಾಗಾಗಿ ಓದನ್ನು ಬಿಡಿಸಿ ನಾಟಕ ಮಾಡಿಸುವ ಪ್ರಶ್ನೆಯೇ ಇಲ್ಲ. ಇದನ್ನು ಯಜಮಾನರಿಗೂ ಹೇಳಿ, ಅವರ ಮನಸ್ಸಿನಲ್ಲಿರುವುದು ಇದೇ ಚಿಂತೆ ಇರಬಹುದು.

ಇನ್ನು ಅತ್ತೆಯವರು. ಅವರ ಜೊತೆ ವಾದ ಮಾಡಬೇಡಿ. ಅವರ ಕಾಲದಲ್ಲಿ ನಾಟಕದ ಹೆಣ್ಣುಮಕ್ಕಳ ಬಗ್ಗೆ ಜನ ಆಡಿದ ಮಾತುಗಳನ್ನು ಅವರು ಕೇಳಿದ್ದಾರೆ, ಆ ಭಯ ಸುಳ್ಳಲ್ಲ. ಆದರೆ ಇದು ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು. ಆ ಕಂಪನಿಯ ನಟಿ ಚಿಂದೋಡಿ ಲೀಲಾ ಅವರಿಗೆ 1988ರಲ್ಲಿ ಪದ್ಮಶ್ರೀ ಬಂತು. ದಾವಣಗೆರೆಯಲ್ಲಿ ಆ ವಯಸ್ಸಿನವರು ಒಂದಾದರೂ ಕಂಪನಿ ನಾಟಕ ನೋಡದೆ ಇರುವುದು ಕಷ್ಟ. ಒಂದು ಸಂಜೆ ಕರೆಂಟು ಹೋದಾಗಲೋ, ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ ಕೂತಾಗಲೋ, 'ಅತ್ತೆ, ನೀವು ಯಾವ್ಯಾವ ನಾಟಕ ನೋಡಿದ್ದೀರಿ?' ಅಂತ ಕೇಳಿ. ಮಗಳು ಪಕ್ಕದಲ್ಲಿ ಕೂತಿರಲಿ. ಅಜ್ಜಿ ಯಾರೋ ಒಬ್ಬ ನಟಿ ಸೆರಗು ಹೇಗೆ ಹಿಡಿಯುತ್ತಿದ್ದಳು ಅಂತ ತೋರಿಸಲು ಎದ್ದು ನಿಂತರೆ, ನೀವು ನಡುವೆ ಮಾತಾಡಬೇಡಿ. ಉಳಿದದ್ದನ್ನು ಮಗಳೇ ಕೇಳುತ್ತಾಳೆ.

ಆಲ್ಬಮ್‌ನವರು ಮತ್ತೆ ಫೋನ್ ಮಾಡಿ 'ನಾಳೆಯೇ ಕೊನೆ ದಿನ' ಅನ್ನುತ್ತಾರೆ. ಅನ್ನಲಿ. ಡಿಸೆಂಬರ್‌ನಲ್ಲಿ ಬರೆಯಿರಿ, ಸಾಣೇಹಳ್ಳಿಯಲ್ಲಿ ಅವಳಿಗೆ ಯಾರ ನಡಿಗೆ ನೆನಪಿತ್ತು ಅಂತ ನನಗೂ ಹೇಳಿ.