ಟಿಬಿ ಮೇಲೆ ಪಿಎಚ್‌ಡಿ ಮಾಡುವವರು ಬ್ಯಾಕ್ಟೀರಿಯಾದ ಜೀನ್ ಕಡೆ ಹೋಗಬೇಕೇ, ಇಮ್ಯುನಾಲಜಿ ಕಡೆ ಹೋಗಬೇಕೇ?

ಎಂಎಸ್ಸಿ ಮುಗಿಸಿ ಲ್ಯಾಬ್ ಹುಡುಕುತ್ತಿದ್ದ ಕಾಲದಲ್ಲಿ ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಕಂಡಕಂಡವರನ್ನು ಕೇಳಿದ್ದೆ. ಕೊನೆಗೆ ಉತ್ತರ ನಾನೇ ತೀರ್ಮಾನಿಸಿಕೊಂಡೆ: ಇಮ್ಯುನಾಲಜಿ, ಅಂದರೆ ದೇಹದ ರಕ್ಷಣಾ ವ್ಯವಸ್ಥೆಯ ಅಧ್ಯಯನ. ಬ್ಯಾಕ್ಟೀರಿಯಾದ ಜೀನ್ ತೆಗೆಯುವುದು, ಜೀನ್ ಸಾಗಿಸುವ ಡಿಎನ್‌ಎ ಉಂಗುರ ಪ್ಲಾಸ್ಮಿಡ್ ಕಟ್ಟುವುದು ಎಲ್ಲ ಮುಗಿದ ಕಥೆ, ಇನ್ನು ಮುಂದೆ ಏನಿದ್ದರೂ ಮ್ಯಾಕ್ರೋಫೇಜ್, ಟಿ ಕೋಶದಂಥ ರಕ್ಷಣಾ ಕೋಶಗಳು ಎಂದುಕೊಂಡಿದ್ದೆ. "ಜೀನ್ ಕಡೆ ಸ್ಕೋಪ್ ಇಲ್ಲ ಅಂತ ಸೀನಿಯರ್‌ಗಳು ಹೇಳುತ್ತಾರೆ" ಎಂದು ನೀವು ಬರೆದ ಸಾಲು ಓದಿದಾಗ ನನ್ನ ಹಳೆಯ ಮಾತೇ ಕಿವಿಗೆ ಬಿದ್ದ ಹಾಗಾಯಿತು. ಆ ತೀರ್ಮಾನದಿಂದ ನನಗೆ ಏನಾಯಿತು ಎಂಬುದನ್ನು ಪೂರ್ತಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಇರುವ ಉತ್ತರ ಅದೇ.

ಉಸಿರಿನ ಜೊತೆ ಶ್ವಾಸಕೋಶಕ್ಕೆ ಇಳಿದ ಟಿಬಿ ಬ್ಯಾಕ್ಟೀರಿಯಾವನ್ನು ಮೊದಲು ನುಂಗುವುದು ಅಲ್ಲಿನ ಮ್ಯಾಕ್ರೋಫೇಜ್. ನುಂಗಿದ್ದನ್ನು ಒಂದು ಚೀಲದಲ್ಲಿಟ್ಟು, ಆ ಚೀಲಕ್ಕೆ ಜೀರ್ಣರಸ ತುಂಬಿದ ಲೈಸೋಸೋಮ್ ಸೇರಿಸಿ ಜೀರ್ಣ ಮಾಡಿಬಿಡಬೇಕು, ಅದು ಅದರ ಕೆಲಸ. ಆದರೆ ಜೀವಂತ ಟಿಬಿ ಬ್ಯಾಕ್ಟೀರಿಯಾ ಇರುವ ಚೀಲದ ಜೊತೆ ಲೈಸೋಸೋಮ್ ಸೇರುವುದೇ ಕಡಿಮೆ ಎಂದು ಆರ್ಮ್‌ಸ್ಟ್ರಾಂಗ್ ಮತ್ತು ಡಾರ್ಸಿ ಹಾರ್ಟ್ 1971ರಲ್ಲೇ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ತೋರಿಸಿದ್ದರು. ತನ್ನನ್ನು ಕೊಲ್ಲಬೇಕಾದ ಕೋಶದೊಳಗೇ ಅದು ಸಂಸಾರ ಹೂಡುತ್ತದೆ. 1998ರಲ್ಲಿ ಲ್ಯಾಬ್‌ಗಳಲ್ಲಿ ಬಳಸುವ ಎಚ್‌37ಆರ್‌ವಿ ತಳಿಯ ಜೀನೋಮ್ ಪೂರ್ತಿ ಓದಿ ಮುಗಿಸಿದಾಗ 44 ಲಕ್ಷಕ್ಕೂ ಹೆಚ್ಚು ಡಿಎನ್‌ಎ ಅಕ್ಷರಗಳು, ಸುಮಾರು 4000 ಜೀನ್‌ಗಳು ಸಿಕ್ಕವು. ಅದರಲ್ಲಿ ಎಷ್ಟೋ ಜೀನ್‌ಗಳ ಕೆಲಸ ಏನು ಎಂದೇ ತಿಳಿದಿರಲಿಲ್ಲ. ಅಂಥದ್ದೊಂದು ಜೀನ್ ನನ್ನ ಪಾಲಿಗೆ ಬಂತು. ಅದನ್ನು ತೆಗೆದುಹಾಕಿ, ಜೀನ್ ಇಲ್ಲದ ಬ್ಯಾಕ್ಟೀರಿಯಾವನ್ನು ಮ್ಯಾಕ್ರೋಫೇಜ್‌ಗೆ ಕೊಟ್ಟು, ಕೋಶ ಹೇಗೆ ಪ್ರತಿಕ್ರಿಯಿಸುತ್ತದೆ ನೋಡುವುದು ನನ್ನ ಕೆಲಸ.

ಮ್ಯುಟೆಂಟ್, ಅಂದರೆ ಜೀನ್ ತೆಗೆದ ತಳಿ, ಮಾಡುವ ಹಂತವನ್ನು ಬೇಗ ದಾಟಿದರೆ ಸಾಕು ಎಂಬ ಆತುರ ನನಗಿತ್ತು. ಲ್ಯಾಬಿನ ಸಾಮಾನ್ಯ ಬ್ಯಾಕ್ಟೀರಿಯಾ ಇ. ಕೋಲೈ 20 ನಿಮಿಷಕ್ಕೆ ಒಂದು ಎರಡಾದರೆ ಟಿಬಿ ಬ್ಯಾಕ್ಟೀರಿಯಾಕ್ಕೆ ಹೆಚ್ಚುಕಡಿಮೆ 20 ಗಂಟೆ ಬೇಕು. ಹೈಗ್ರೊಮೈಸಿನ್ ಎಂಬ ಆ್ಯಂಟಿಬಯೋಟಿಕ್ ಬೆರೆಸಿದ ಪ್ಲೇಟಿನ ಮೇಲೆ ಕಾಲೊನಿ ಕಾಣಿಸಲು ಮೂರು ನಾಲ್ಕು ವಾರ ಹಿಡಿಯುತ್ತದೆ. ಒಣಗಿ ಸುಕ್ಕುಗಟ್ಟಿದಂಥ ಆ ಕೆನೆಬಣ್ಣದ ಕಾಲೊನಿಗಳು ಎದ್ದಾಗ ಒಂದನ್ನು ಆರಿಸಿ 7ಎಚ್9 ಎಂಬ ಪೋಷಕ ದ್ರವಕ್ಕೆ, ಅಂದರೆ ಬ್ರಾತ್‌ಗೆ ಹಾಕಿದೆ. ಪಿಸಿಆರ್‌ನಲ್ಲಿ ಜೀನ್ ಹೋಗಿರುವುದು ಖಾತ್ರಿಯಾಯಿತು. ಆಮೇಲೆ ಪ್ರತಿ ಪ್ರಯೋಗಕ್ಕೂ ಫ್ರೀಜರ್‌ನಿಂದ ಹೊಸ ಟ್ಯೂಬ್ ತೆಗೆದರೆ ಅದು ಬೆಳೆಯುವವರೆಗೆ ಕಾಯಬೇಕಲ್ಲ ಎಂದು, ಬೆಳೆದಿದ್ದರಲ್ಲೇ ಸ್ವಲ್ಪ ತೆಗೆದು ಹೊಸ ಬ್ರಾತ್‌ಗೆ ಹಾಕುತ್ತಾ ವಾರದಿಂದ ವಾರಕ್ಕೆ ಅದೇ ಕಲ್ಚರ್ ನಡೆಸಿಕೊಂಡು ಹೋದೆ. ನನ್ನ ಮನಸ್ಸೆಲ್ಲ ಇಲಿಯ ಮೂಳೆಮಜ್ಜೆಯಿಂದ ಬೆಳೆಸುತ್ತಿದ್ದ ಮ್ಯಾಕ್ರೋಫೇಜ್‌ಗಳ ಮೇಲಿತ್ತು. ಬ್ಯಾಕ್ಟೀರಿಯಾ ನನಗೆ ಬಾಟಲಿಯಲ್ಲಿರುವ ಒಂದು ಕೆಮಿಕಲ್ ಇದ್ದಂತೆ, ನಿನ್ನೆ ಇದ್ದದ್ದೇ ಇವತ್ತೂ ಇರುತ್ತದೆ.

ಫಲಿತಾಂಶ ಬಂದಾಗ ಲ್ಯಾಬಿನಲ್ಲಿ ಎಲ್ಲರೂ ಖುಷಿಪಟ್ಟರು. ಮ್ಯುಟೆಂಟ್ ನುಂಗಿದ ಮ್ಯಾಕ್ರೋಫೇಜ್‌ಗಳು ಟಿಎನ್‌ಎಫ್, ಐಎಲ್-6 ಎಂಬ ಸೈಟೊಕೈನ್‌ಗಳನ್ನು, ಅಂದರೆ ರಕ್ಷಣಾ ಕೋಶಗಳ ಸಂಕೇತ ಪ್ರೋಟೀನ್‌ಗಳನ್ನು, ಜಾಸ್ತಿ ಬಿಡುತ್ತಿದ್ದವು. ಇಂಟರ್‌ಫೆರಾನ್ ಬೀಟಾ ಎಂಬ ಇನ್ನೊಂದು ಸಂಕೇತ ಇಳಿದಿತ್ತು. ಬ್ಯಾಕ್ಟೀರಿಯಾ ಕೋಶದೊಳಗೆ ಸರಿಯಾಗಿ ಬದುಕುತ್ತಲೂ ಇರಲಿಲ್ಲ. "ಈ ಜೀನ್ ಮ್ಯಾಕ್ರೋಫೇಜ್‌ನ ಬಾಯಿ ಮುಚ್ಚಿಸುತ್ತದೆ" ಎಂದು ಗೈಡ್ ಹೇಳಿದರು, ನಾನೂ ಹಾಗೇ ನಂಬಿದೆ. ಸಿಗ್ನಲಿಂಗ್ ದಾರಿ ಹಿಡಿದು ಹೊರಟೆ: ಬ್ಯಾಕ್ಟೀರಿಯಾವನ್ನು ಗುರುತಿಸುವ ಯಾವ ಟೋಲ್ ರಿಸೆಪ್ಟರ್, ಸುದ್ದಿ ದಾಟಿಸುವ ಯಾವ ಕೈನೇಸ್, ಸೈಟೊಕೈನ್ ಜೀನ್‌ಗಳನ್ನು ಚಾಲೂ ಮಾಡುವ ಎನ್‌ಎಫ್ ಕಪ್ಪಾ ಬಿ ಎಷ್ಟು ಹೊತ್ತಿಗೆ ನ್ಯೂಕ್ಲಿಯಸ್‌ಗೆ ಹೋಗುತ್ತದೆ. ಇದರಲ್ಲೇ ವರ್ಷದ ಮೇಲೆ ಕಳೆಯಿತು.

ನಾನು ಎಡವಿದ ಜಾಗವನ್ನು ಬಿಡಿಸಿ ಹೇಳಲೇಬೇಕು. ಜೀನ್ ತೆಗೆದ ಮೇಲೆ ಅದೇ ಜೀನನ್ನು ವಾಪಸ್ ಹಾಕಿ, ಬ್ಯಾಕ್ಟೀರಿಯಾ ಮೊದಲಿನಂತಾಗುತ್ತದೆಯೇ ಎಂದು ನೋಡಬೇಕು. ಇದೇ ಕಾಂಪ್ಲಿಮೆಂಟೇಶನ್. ಪ್ರಯೋಗಗಳು ಅರ್ಧ ದಾರಿ ಸಾಗಿದ ಮೇಲೆ ನಾನೂ ಮಾಡಿದೆ. ಜೀನ್ ವಾಪಸ್ ಹೋಯಿತು, ಪ್ರೋಟೀನ್ ಕೂಡ ತಯಾರಾಗುತ್ತಿತ್ತು, ಪ್ರೋಟೀನ್ ಪತ್ತೆಮಾಡುವ ಬ್ಲಾಟ್‌ನಲ್ಲಿ ಬ್ಯಾಂಡ್ ಚೆನ್ನಾಗಿಯೇ ಕಂಡಿತು. ಆದರೆ ಮ್ಯಾಕ್ರೋಫೇಜ್ ಮಾತ್ರ ಬದಲಾಗಲಿಲ್ಲ, ಟಿಎನ್‌ಎಫ್ ಹಾಗೇ ಏರಿಕೊಂಡೇ ಇತ್ತು. ಅದರ ಅರ್ಥ ಒಂದೇ: ನಾನು ಕಾಣುತ್ತಿರುವುದಕ್ಕೆ ನಾನು ತೆಗೆದ ಜೀನ್ ಕಾರಣವಲ್ಲ. ಬ್ಯಾಕ್ಟೀರಿಯಾ ಆ ಮಾತನ್ನು ಸ್ಪಷ್ಟವಾಗಿ ಹೇಳಿತ್ತು. ನಾನು ಕೇಳಿಸಿಕೊಳ್ಳಲಿಲ್ಲ. ಜೀನ್ ಚಾಲೂ ಮಾಡುವ ಪ್ರೊಮೋಟರ್ ಸರಿಯಿಲ್ಲ ಎಂದೆ, ಪ್ರೋಟೀನ್ ಪ್ರಮಾಣ ಹೊಂದುತ್ತಿಲ್ಲ ಎಂದೆ, ಪಕ್ಕದ ಜೀನ್‌ಗೆ ಏಟು ಬಿದ್ದಿರಬಹುದು ಎಂದೆ. ಪ್ರತಿಯೊಂದಕ್ಕೂ ಸಮಾಧಾನ ಹೇಳಿಕೊಂಡು ಮತ್ತೆ ಸೈಟೊಕೈನ್ ಅಳೆಯಲು ಹೋದೆ. ಇಮ್ಯುನಾಲಜಿ ನನ್ನದು, ಬ್ಯಾಕ್ಟೀರಿಯಾದ ತಕರಾರು ಬೇರೆಯವರದು ಎಂಬ ಭಾವನೆ ಒಳಗೆ ಗಟ್ಟಿಯಾಗಿ ಕೂತಿದ್ದರಿಂದಲೇ ಹಾಗಾಯಿತು. ಅಂಥ ವಿಂಗಡಣೆ ಇಲ್ಲದವರಾಗಿದ್ದರೆ ಅವತ್ತೇ ನಿಲ್ಲಿಸುತ್ತಿದ್ದರು.

ನಮ್ಮಲ್ಲಿಗೆ ಬಂದಿದ್ದ ಒಬ್ಬ ಪೋಸ್ಟ್‌ಡಾಕ್ ಲ್ಯಾಬ್ ಮೀಟಿಂಗ್‌ನಲ್ಲಿ ನನ್ನ ಸ್ಲೈಡ್‌ಗಳನ್ನೆಲ್ಲ ನೋಡಿದ ಮೇಲೆ ಕೇಳಿದರು: "ಇದರಲ್ಲಿ ಪಿಡಿಐಎಂ ಇದೆಯಾ, ನೋಡಿದ್ದೀರಾ?"

ಪಿಡಿಐಎಂ ಎಂದರೆ ಟಿಬಿ ಬ್ಯಾಕ್ಟೀರಿಯಾದ ಹೊರಪದರದಲ್ಲಿರುವ ಮೇಣದಂಥ ಒಂದು ಲಿಪಿಡ್. ನಾನು ಅದರ ಬಗ್ಗೆ ಓದಿದ್ದೆ, ಪರೀಕ್ಷೆಗೆ. ಸರಿ, ಮೂಲ ತಳಿ ಮತ್ತು ಮ್ಯುಟೆಂಟ್ ಎರಡರಿಂದಲೂ ಲಿಪಿಡ್ ತೆಗೆದು ಸಿಲಿಕಾ ಪ್ಲೇಟಿನ ಕೆಳಗೆ ಪಕ್ಕಪಕ್ಕ ಚುಕ್ಕೆ ಇಟ್ಟೆ. ಪೆಟ್ರೋಲಿಯಂ ಈಥರ್ ಒಂಬತ್ತು ಪಾಲು, ಡೈಈಥೈಲ್ ಈಥರ್ ಒಂದು ಪಾಲು ಸೇರಿಸಿದ ದ್ರಾವಣದಲ್ಲಿ ಪ್ಲೇಟ್ ಓಡಿಸಿ, ಒಣಗಿಸಿ, ಫಾಸ್ಫೊಮಾಲಿಬ್ಡಿಕ್ ಆಸಿಡ್ ಸಿಂಪಡಿಸಿ ಬಿಸಿ ಮಾಡಿದೆ. ಹಳದಿ ಹಿನ್ನೆಲೆಯ ಮೇಲೆ ನಿಧಾನವಾಗಿ ಕಡುನೀಲಿ ಕಲೆಗಳು ಮೂಡತೊಡಗಿದವು. ಮೂಲ ತಳಿಯ ಸಾಲಿನಲ್ಲಿ ಒಂದರ ಕೆಳಗೆ ಒಂದು, ಎರಡು ಕಲೆ, ಪಿಡಿಐಎಂನ ಎರಡು ರೂಪಗಳು. ಪಕ್ಕದ ಸಾಲಿನಲ್ಲಿ ಆ ಎತ್ತರದಲ್ಲಿ ಏನೂ ಇಲ್ಲ. ಕಾಂಪ್ಲಿಮೆಂಟ್ ಮಾಡಿದ ತಳಿಯಲ್ಲೂ ಇಲ್ಲ. ಆಮೇಲೆ ಜೀನೋಮ್ ಸೀಕ್ವೆನ್ಸಿಂಗ್ ಮಾಡಿಸಿದಾಗ ಪಿಡಿಐಎಂ ತಯಾರಿಸುವ ಜೀನ್‌ಗಳ ಪೈಕಿ ಒಂದರಲ್ಲಿ ಒಂದೇ ಒಂದು ಅಕ್ಷರ ಹೆಚ್ಚಾಗಿ ಸೇರಿಕೊಂಡಿರುವುದು ಕಂಡಿತು. ನಾನು ತೆಗೆದ ಜೀನ್ ಅದರಿಂದ ಬಹಳ ದೂರದಲ್ಲಿತ್ತು. ವರ್ಷದ ಮೇಲೆ ನಾನು ಅಳೆದದ್ದೆಲ್ಲ ಈ ಒಂದು ಅಕ್ಷರದ ಪರಿಣಾಮ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಇದು ನನ್ನೊಬ್ಬಳ ದುರದೃಷ್ಟವಲ್ಲ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ. ಈ ಲಿಪಿಡ್ ಇಲ್ಲದಿದ್ದರೆ ಇಲಿಯ ಶ್ವಾಸಕೋಶದಲ್ಲಿ ಬ್ಯಾಕ್ಟೀರಿಯಾ ಬೆಳೆಯಲಾರದು ಎಂದು 1999ರಲ್ಲಿ ಎರಡು ಗುಂಪುಗಳು ಬೇರೆಬೇರೆಯಾಗಿ ಕಂಡುಹಿಡಿದವು. ಲ್ಯಾಬ್ ಕಲ್ಚರ್‌ನಲ್ಲಿ ಅದು ತಾನಾಗಿಯೇ, ಬಹಳ ಬೇಗ ಕಳೆದುಹೋಗುತ್ತದೆ ಎಂದು ಡೊಮೆನೆಕ್ ಮತ್ತು ರೀಡ್ 2009ರಲ್ಲೇ ಎಚ್ಚರಿಸಿದ್ದರು. ಕಾರಣ ಸರಳ. ಪಿಡಿಐಎಂ ಮಾಡಲು ದೊಡ್ಡ ದೊಡ್ಡ ಜೀನ್‌ಗಳ ಒಂದು ಸಾಲೇ ಬೇಕು, ಖರ್ಚೂ ಜಾಸ್ತಿ. ಬ್ರಾತ್‌ನಲ್ಲಿ ಮ್ಯಾಕ್ರೋಫೇಜ್ ಇಲ್ಲ, ಹಾಗಾಗಿ ಅದರಿಂದ ಉಪಯೋಗವೂ ಇಲ್ಲ. ಆ ಸಾಲಿನಲ್ಲಿ ಎಲ್ಲಿ ಕೆಟ್ಟರೂ ಕೆಟ್ಟದ್ದೇ ಸ್ವಲ್ಪ ಬೇಗ ಬೆಳೆದು ಫ್ಲಾಸ್ಕ್ ತುಂಬಿಕೊಳ್ಳುತ್ತದೆ. ನಾನು ವಾರವಾರ ಮುಂದಕ್ಕೆ ಹಾಕುತ್ತಾ ಹೋದಾಗ ಅವುಗಳನ್ನೇ ಆರಿಸುತ್ತಿದ್ದೆ. ಅದೂ ಸಾಲದು ಎಂದು, ಮ್ಯುಟೆಂಟ್ ಮಾಡುವಾಗ ಒಂದೇ ಕಾಲೊನಿ ಎತ್ತಿದ್ದೆ. ಕಾಲೊನಿ ಹುಟ್ಟುವುದು ಒಂದು ಕೋಶದಿಂದ, ಆ ಕೋಶ ಆಗಲೇ ಕೆಟ್ಟಿದ್ದರೆ ಮುಂದಿನದೆಲ್ಲ ಕೆಟ್ಟದ್ದೇ.

ನನ್ನ ಸೈಟೊಕೈನ್ ಸಂಖ್ಯೆಗಳೂ ಪಿಡಿಐಎಂ ಬಗ್ಗೆ ಆಗಲೇ ಗೊತ್ತಿದ್ದದ್ದನ್ನೇ ಹೇಳುತ್ತಿದ್ದವು. ಬರೋಡಾದಲ್ಲಿ ಬೆಳೆದು ಈಗ ಕೇಂಬ್ರಿಜ್‌ನಲ್ಲಿರುವ ಲಲಿತಾ ರಾಮಕೃಷ್ಣನ್ ಅವರ ತಂಡ 2014ರಲ್ಲಿ ಜೀಬ್ರಾಫಿಶ್ ಮರಿಗಳಲ್ಲಿ, ಟಿಬಿಯ ಹತ್ತಿರದ ಸಂಬಂಧಿ ಬ್ಯಾಕ್ಟೀರಿಯಾ ಬಳಸಿ, ಈ ಲಿಪಿಡ್ ಬ್ಯಾಕ್ಟೀರಿಯಾದ ಗುರುತುಗಳನ್ನು ಟೋಲ್ ರಿಸೆಪ್ಟರ್‌ಗಳಿಂದ ಮರೆಮಾಚುತ್ತದೆ ಎಂದು ತೋರಿಸಿತು. ಪಿಡಿಐಎಂ ಹೋದರೆ ಗುರುತು ಬಯಲಾಗಿ, ನೈಟ್ರಿಕ್ ಆಕ್ಸೈಡ್‌ನಿಂದ ಕೊಲ್ಲಬಲ್ಲ ಮ್ಯಾಕ್ರೋಫೇಜ್‌ಗಳು ಬರುತ್ತವೆ. ನನ್ನ ಟಿಎನ್‌ಎಫ್ ಏರಿದ್ದಕ್ಕೆ ಇದೇ ವಿವರಣೆ. ಇನ್ನು ಇಂಟರ್‌ಫೆರಾನ್ ಬೀಟಾ ಏರಬೇಕಾದರೆ ಬ್ಯಾಕ್ಟೀರಿಯಾ ತಾನಿರುವ ಚೀಲವನ್ನು ಹರಿಯಬೇಕು, ಆಗ ಅದರ ಡಿಎನ್‌ಎ ಕೋಶದ್ರವದಲ್ಲಿರುವ ಸಿಜಿಎಎಸ್ ಎಂಬ ಕಾವಲು ಪ್ರೋಟೀನ್‌ಗೆ ಸಿಗುತ್ತದೆ. ಚೀಲ ಹರಿಯಲು ಇಎಸ್‌ಎಕ್ಸ್-1 ಎಂಬ ಸ್ರವಿಸುವ ವ್ಯವಸ್ಥೆಯ ಜೊತೆಗೆ ಪಿಡಿಐಎಂ ಕೂಡ ಬೇಕು. ಅದಿಲ್ಲದೆ ಚೀಲ ಹರಿಯಲಿಲ್ಲ, ಇಂಟರ್‌ಫೆರಾನ್ ಇಳಿಯಿತು. ನನ್ನ ಜೀನ್‌ಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಪಿಡಿಐಎಂ ಉಳಿಸಿಕೊಂಡು ಹೊಸದಾಗಿ ಮಾಡಿದ ಮ್ಯುಟೆಂಟ್ ಮ್ಯಾಕ್ರೋಫೇಜ್‌ನೊಳಗೆ ಮೂಲ ತಳಿಯ ಹಾಗೇ ನಡೆದುಕೊಂಡಿತು. ಪೇಪರ್ ಕೈಬಿಟ್ಟೆವು, ಫೆಲೋಶಿಪ್ ಮುಗಿಯುತ್ತಾ ಬಂದಿತ್ತು, ಥೀಸಿಸ್ ಬೇರೆ ವಿಷಯದ ಮೇಲೆ ಬರೆದೆ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಟಿಬಿಯಲ್ಲಿ ಜೀನ್ ಕಡೆ, ಇಮ್ಯೂನ್ ಕಡೆ ಎಂದು ಎರಡು ಕಡೆ ಇಲ್ಲವೇ ಇಲ್ಲ. ದೇಹದೊಳಗೆ ಈ ಬ್ಯಾಕ್ಟೀರಿಯಾ ನಮ್ಮ ಕೋಶದ ಕೊಲೆಸ್ಟ್ರಾಲ್ ತಿನ್ನುತ್ತದೆ. ಅದು ಒಡೆದಾಗ ಬರುವ ಪ್ರೊಪಿಯೊನೇಟ್ ತುಣುಕುಗಳು ಹೆಚ್ಚಾದರೆ ಅದಕ್ಕೇ ವಿಷ. ಆ ತುಣುಕುಗಳನ್ನು ಜೋಡಿಸಿ ಪಿಡಿಐಎಂ ಮಾಡಿಕೊಳ್ಳುತ್ತದೆ. ಅಂದರೆ ಮ್ಯಾಕ್ರೋಫೇಜ್‌ನ ಕೊಬ್ಬನ್ನೇ ತಿಂದು ಮ್ಯಾಕ್ರೋಫೇಜ್‌ನಿಂದಲೇ ಮರೆಯಾಗುವ ಹೊದಿಕೆ ಹೊಲಿದುಕೊಳ್ಳುತ್ತದೆ. ಇದು ಮೆಟಬಾಲಿಸಂ ಪಾಠವೋ, ಇಮ್ಯುನಾಲಜಿ ಪಾಠವೋ, ನೀವೇ ಹೇಳಿ.

ಟಿಬಿ ಲಸಿಕೆ ಬಿಸಿಜಿಯನ್ನೇ ತೆಗೆದುಕೊಳ್ಳಿ. ಫ್ರಾನ್ಸಿನ ಲಿಲ್‌ನಲ್ಲಿ ಕಾಲ್ಮೆಟ್ ಮತ್ತು ಗೆರಾನ್ 1908ರಿಂದ 1921ರವರೆಗೆ ದನದ ಟಿಬಿ ಬ್ಯಾಕ್ಟೀರಿಯಾವನ್ನು ಪಿತ್ತರಸ ಸೇರಿಸಿದ ಆಲೂಗಡ್ಡೆಯ ಮೇಲೆ 230 ಸಲ ಮುಂದಕ್ಕೆ ಹಾಕಿ ಸಾಧು ಮಾಡಿದರು. ಕೋಶಗಳ ಕಾಟವಿಲ್ಲದ ಆ ಹದಿಮೂರು ವರ್ಷದಲ್ಲಿ ಅದು ಕಳೆದುಕೊಂಡ ಡಿಎನ್‌ಎ ತುಂಡು ಯಾವುದೆಂದು ಗೊತ್ತಾಗಿದ್ದು 1996ರಲ್ಲಿ. ಅದರ ಹೆಸರು ಆರ್‌ಡಿ1, ಮೇಲೆ ಹೇಳಿದ ಇಎಸ್‌ಎಕ್ಸ್-1ರ ಮುಖ್ಯ ಜೀನ್‌ಗಳು ಇರುವುದು ಅಲ್ಲೇ. ಆ ತುಂಡಿನ ಎರಡು ಪ್ರೋಟೀನ್‌ಗಳಾದ ಇಸಾಟ್-6 ಮತ್ತು ಸಿಎಫ್‌ಪಿ-10ಕ್ಕೆ ರಕ್ತದ ಟಿ ಕೋಶಗಳು ಗಾಮಾ ಇಂಟರ್‌ಫೆರಾನ್ ಬಿಟ್ಟರೆ ಸೋಂಕು ತಗಲಿದೆ ಎಂದು ತಿಳಿಯಬಹುದು. ಬಿಸಿಜಿ ಚುಚ್ಚಿಸಿಕೊಂಡವರಲ್ಲಿ ಗೊಂದಲ ಆಗುವುದಿಲ್ಲ, ಯಾಕೆಂದರೆ ಬಿಸಿಜಿಯಲ್ಲಿ ಆ ತುಂಡೇ ಇಲ್ಲ. ನಮ್ಮ ದೇಶದಲ್ಲಿ ಬಳಕೆಗೆ ಬಂದಿರುವ ಸೈ-ಟಿಬಿ ಚರ್ಮದ ಪರೀಕ್ಷೆ ನಿಂತಿರುವುದೂ ಇದೇ ಎರಡು ಪ್ರೋಟೀನ್‌ಗಳ ಮೇಲೆ. ಬ್ಯಾಕ್ಟೀರಿಯಾದ ಜೀನೋಮ್ ಹೋಲಿಸಿ ನೋಡಿದವರಿಲ್ಲದೆ, ಟಿ ಕೋಶ ಬಲ್ಲವರಿಲ್ಲದೆ ಈ ಪರೀಕ್ಷೆ ಹುಟ್ಟುತ್ತಿರಲಿಲ್ಲ. ಪ್ರಪಂಚದ ಟಿಬಿ ರೋಗಿಗಳಲ್ಲಿ ಕಾಲುಭಾಗದಷ್ಟು ಜನ ಭಾರತದಲ್ಲಿದ್ದಾರೆ. ಇಲ್ಲಿ ಕೂತು ಈ ಕೆಲಸ ಮಾಡುವವರು ಅರ್ಧ ಮಾತ್ರ ಕಲಿಯುತ್ತೇನೆ ಎನ್ನಬಾರದು, ಇದನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ಬೆಂಗಳೂರೋ, ಚೆನ್ನೈಯೋ, ವಿದೇಶವೋ ಎಂದೂ ಕೇಳಿದ್ದೀರಿ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಬಿಎಸ್‌ಎಲ್-3 (ಗಾಳಿಯಲ್ಲಿ ಹರಡುವ ರೋಗಾಣುಗಳಿಗಾಗಿ ಇರುವ ಸುರಕ್ಷಿತ ಲ್ಯಾಬ್) ಸೌಲಭ್ಯ ನಿಜವಾಗಿ ನಡೆಯುತ್ತಿರುವ, ಬ್ಯಾಕ್ಟೀರಿಯಾ ಬೆಳೆಸುವವರೂ ಕೋಶ ನೋಡುವವರೂ ಒಂದೇ ಮೇಜಿನಲ್ಲಿ ಊಟಕ್ಕೆ ಕೂರುವ ಲ್ಯಾಬ್ ಎಲ್ಲಿದ್ದರೂ ಹೋಗಿ. ಮೊದಲ ವರ್ಷ ರಕ್ಷಣಾ ಕೋಶಗಳನ್ನು ವಿಂಗಡಿಸಿ ಎಣಿಸುವ ಫ್ಲೋ ಸೈಟೊಮೀಟರ್ ಮುಟ್ಟದಿದ್ದರೂ ಪರವಾಗಿಲ್ಲ, ನಿಮ್ಮ ತಳಿಯನ್ನು ನೀವೇ ಬೆಳೆಸಿ. ಕಡಿಮೆ ಸಲ ಮುಂದಕ್ಕೆ ಹಾಕಿದ ಸ್ಟಾಕ್‌ಗಳನ್ನು ಸಣ್ಣ ಸಣ್ಣ ಟ್ಯೂಬ್‌ಗಳಲ್ಲಿ ಫ್ರೀಜ್ ಮಾಡಿ, ಪ್ರತಿ ಸಲ ಹೊಸದನ್ನೇ ತೆಗೆಯಿರಿ, ಕಾಯಬೇಕಾದರೆ ಕಾಯಿರಿ. ಬೇರೆಬೇರೆ ಕಾಲೊನಿಗಳಿಂದ ಮ್ಯುಟೆಂಟ್ ಇಟ್ಟುಕೊಳ್ಳಿ. ಬ್ರಾತ್‌ಗೆ ಪ್ರೊಪಿಯೊನೇಟ್ ಸೇರಿಸಿದರೆ ಪಿಡಿಐಎಂ ಕಳೆದುಹೋಗುವುದಿಲ್ಲ ಎಂದು 2024ರಲ್ಲಿ ಪ್ರಕಟವಾಗಿದೆ. ಪ್ರೊಪಿಯೊನೇಟ್ ಜೊತೆ ವ್ಯಾಂಕೊಮೈಸಿನ್ ಎಂಬ ಆ್ಯಂಟಿಬಯೋಟಿಕ್ ಹಾಕಿ, ಪಿಡಿಐಎಂ ಇರುವುದು ಬೆಳೆಯುತ್ತದೆ, ಇಲ್ಲದ್ದು ಬೆಳೆಯುವುದಿಲ್ಲ ಎಂದು ಪರೀಕ್ಷಿಸುವ ಸುಲಭ ದಾರಿಯೂ ಅದೇ ಕೆಲಸದಿಂದ ಬಂದಿದೆ. ನನ್ನ ಕಾಲದಲ್ಲಿ ಇದಿರಲಿಲ್ಲ, ನಿಮಗೆ ಇದೆ. ಕಾಂಪ್ಲಿಮೆಂಟೇಶನ್ ಆಗದೆ ಸೈಟೊಕೈನ್ ಅಳೆಯುವ ಒಂದು ಎಲೈಸಾ ಕೂಡ ಹಾಕಬೇಡಿ.

ಇಂಟರ್‌ವ್ಯೂನಲ್ಲಿ ಕೊನೆಗೆ ಅವರೇ "ನಿಮಗೇನಾದರೂ ಕೇಳಬೇಕಾ?" ಎನ್ನುತ್ತಾರೆ. ಆಗ ಕೇಳಿ: "ಸರ್, ಇಲ್ಲಿ ಮ್ಯುಟೆಂಟ್ ಮ್ಯಾಕ್ರೋಫೇಜ್‌ಗೆ ಹೋಗುವ ಮುಂಚೆ ಪಿಡಿಐಎಂ ಯಾರು ನೋಡುತ್ತಾರೆ?" ಒಬ್ಬರ ಹೆಸರು ಹೇಳಿ, ಹೋಗಿ ಮಾತಾಡಿಸು ಎಂದರೆ ಸೇರಿಕೊಳ್ಳಿ. ಅದೆಲ್ಲ ಬೇರೆಯವರ ಕೆಲಸ, ನೀನು ಇಮ್ಯುನಾಲಜಿ ಮಾಡು ಎಂದರೆ ಮುಂದಿನ ಲ್ಯಾಬಿಗೆ ಅರ್ಜಿ ಹಾಕಿ.